ಗ್ಲೈಡರುಗಳ ಡಿಕ್ಕಿ ತಡೆ ಸಾಧನಗಳು

ಎಂಜಿನ್ ಇಲ್ಲದೆ ಏರುಗಾಳಿಯನ್ನು ನೆಚ್ಚಿ ಹಾರುವ ಗ್ಲೈಡರಿನ ಪೈಲಟ್‌ಗೆ ಸುತ್ತಲಿನ ವಿಮಾನಗಳ ಸುಳಿವು ಕೊಡುವ, ಅವನ ಸುಳಿವನ್ನು ಉಳಿದವರಿಗೆ ಮುಟ್ಟಿಸುವ ವಿದ್ಯುನ್ಮಾನ ಉಪಕರಣಗಳು. ಟ್ರಾನ್ಸ್‌ಪಾಂಡರ್, ಎಡಿಎಸ್-ಬಿ (ವಿಮಾನದ ಸ್ಥಾನವನ್ನು ತಾನಾಗಿಯೇ ಬಿತ್ತರಿಸುವ ವ್ಯವಸ್ಥೆ), ಫ್ಲಾರ್ಮ್ ಇವುಗಳಲ್ಲಿ ಮುಖ್ಯವಾದವು. ಇವುಗಳ ಆಯ್ಕೆಯಲ್ಲಿ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಆ ಆಕಾಶದಲ್ಲಿ ಬೇರೆ ಯಾರು ಹಾರುತ್ತಾರೆ, ಅವರ ವಿಮಾನದಲ್ಲಿ ಯಾವ ಸಾಧನವಿದೆ?

ಬಿಳಿ ಬಣ್ಣದ, ತೆಳು ರೆಕ್ಕೆಯ ಗ್ಲೈಡರ್ ಎದುರಿನಿಂದ ಬಂದರೆ ಕೊನೆಯ ಕೆಲವು ಕ್ಷಣಗಳವರೆಗೂ ಕಣ್ಣಿಗೆ ಬೀಳುವುದು ಕಷ್ಟ. ಡಿಕ್ಕಿಯ ದಾರಿಯಲ್ಲಿರುವ ವಿಮಾನ ಗಾಜಿನ ಮೇಲೆ ಅತ್ತಿತ್ತ ಸರಿಯದೆ ಒಂದೇ ಕಡೆ ನಿಂತಂತೆ ಕಾಣುತ್ತದೆ. ಚಲಿಸುವುದನ್ನು ಬೇಗ ಗುರುತಿಸುವ ಕಣ್ಣು ಇಂಥದ್ದನ್ನು ತಪ್ಪಿಸಿಕೊಳ್ಳುತ್ತದೆ. ಸಾಲದ್ದಕ್ಕೆ, ಒಂದು ಏರುಗಾಳಿ ಸಿಕ್ಕರೆ ಹಲವು ಗ್ಲೈಡರುಗಳು ಅದರೊಳಗೇ ಸುತ್ತು ಹಾಕುತ್ತ ಮೇಲೇರುತ್ತವೆ. ಕೃಷ್ಣಾ, ಘಟಪ್ರಭಾ ನದಿಗಳ ನಡುವಿನ ತೇರದಾಳ, ಜಮಖಂಡಿ ಸೀಮೆಯಂಥ ಬಯಲಿನಲ್ಲಿ ಬೇಸಗೆಯ ಏರುಗಾಳಿ ಹುಟ್ಟುವುದು ನೀರುಂಡ ಕಬ್ಬಿನ ಗದ್ದೆಗಿಂತ ಉತ್ತು ಒಣಗಿದ ಕಪ್ಪು ನೆಲದ ಮೇಲೆ ಹೆಚ್ಚು. ಒಳ್ಳೆಯ ಏರುಗಾಳಿಯ ತಾಣಗಳೇ ದಟ್ಟಣೆಯ ತಾಣಗಳೂ ಆಗುತ್ತವೆ.

ಫ್ಲಾರ್ಮ್ ಹುಟ್ಟಿದ್ದು ಈ ಸಮಸ್ಯೆಗಾಗಿಯೇ, 2004ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಸಾಧನವು ಜಿಪಿಎಸ್ ಮತ್ತು ಗಾಳಿಯ ಒತ್ತಡದ ಮಾಪನದಿಂದ ತನ್ನ ಸ್ಥಾನವನ್ನು ಅರಿತು, ಮುಂದಿನ ಕೆಲವು ಸೆಕೆಂಡುಗಳ ದಾರಿಯನ್ನು ಊಹಿಸಿ, ಅದನ್ನು ರೇಡಿಯೊದಲ್ಲಿ ಬಿತ್ತರಿಸುತ್ತದೆ. ಇನ್ನೊಂದು ಫ್ಲಾರ್ಮ್ ಅದನ್ನು ಕೇಳಿ ತನ್ನ ದಾರಿಯೊಂದಿಗೆ ಹೋಲಿಸುತ್ತದೆ. ಹತ್ತಿರ ಬಂದ ಮಾತ್ರಕ್ಕೆ ಕೂಗುವುದಿಲ್ಲ; ದಾರಿಗಳು ಕೂಡುವ ಸಂಭವವಿದ್ದರಷ್ಟೇ, ಸುಮಾರು 18 ಸೆಕೆಂಡು ಮೊದಲಿನಿಂದ, ಹಂತಹಂತವಾಗಿ ಎಚ್ಚರಿಸುತ್ತದೆ. ಒಂದೇ ಏರುಗಾಳಿಯಲ್ಲಿ ಜೊತೆಯಾಗಿ ಸುತ್ತುವವರಿಗೆ ಈ ಸಂಯಮವೇ ಅದರ ದೊಡ್ಡ ಗುಣ. ಕೊರತೆಯೂ ಅಷ್ಟೇ ದೊಡ್ಡದು: ಫ್ಲಾರ್ಮ್ ಇಲ್ಲದ ವಿಮಾನಕ್ಕೆ ಅದರ ಮಾತು ಕೇಳಿಸದು. ಎಡಿಎಸ್-ಬಿ ಮತ್ತು ಟ್ರಾನ್ಸ್‌ಪಾಂಡರ್ ಸಂಕೇತಗಳನ್ನು ಕೇಳಬಲ್ಲ ಪವರ್‌ಫ್ಲಾರ್ಮ್ ಗ್ಲೈಡರಿನ ಪೈಲಟ್‌ಗೆ ದೊಡ್ಡ ವಿಮಾನವನ್ನು ತೋರಿಸುತ್ತದೆ; ದೊಡ್ಡ ವಿಮಾನಕ್ಕೆ ಗ್ಲೈಡರನ್ನು ತೋರಿಸುವುದಿಲ್ಲ.

ಅದನ್ನು ಮಾಡುವುದು ಟ್ರಾನ್ಸ್‌ಪಾಂಡರ್. ಪ್ರಯಾಣಿಕ ವಿಮಾನದಲ್ಲಿ ಡಿಕ್ಕಿ ತಪ್ಪಿಸುವ ಟಿಕಾಸ್ ವ್ಯವಸ್ಥೆ 1030 ಮೆಗಾಹರ್ಟ್ಸ್‌ನಲ್ಲಿ ಪ್ರಶ್ನೆ ಕೇಳುತ್ತದೆ, ಟ್ರಾನ್ಸ್‌ಪಾಂಡರ್ 1090ರಲ್ಲಿ ಉತ್ತರಿಸುತ್ತದೆ. ಉತ್ತರದ ಆಧಾರದ ಮೇಲೆ ಟಿಕಾಸ್ 'ಏರು', 'ಇಳಿ' ಎಂದು ಸೂಚಿಸುತ್ತದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಾಕಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತ ಬಳಿಕ ಭಾರತ ಈ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು. 2018ರ ಜುಲೈ 10ರಂದು ಬೆಂಗಳೂರಿನ ವಾಯುಪ್ರದೇಶದಲ್ಲಿ 328 ಪ್ರಯಾಣಿಕರಿದ್ದ ಎರಡು ವಿಮಾನಗಳ ನಡುವೆ ಕೇವಲ 200 ಅಡಿ ಎತ್ತರದ ಅಂತರ ಉಳಿದಾಗ ಪೈಲಟ್‌ಗಳನ್ನು ಎಚ್ಚರಿಸಿದ್ದು ಟಿಕಾಸ್. ಟ್ರಾನ್ಸ್‌ಪಾಂಡರ್ ಇಲ್ಲದ ಗ್ಲೈಡರ್ ಇದೇ ಟಿಕಾಸ್‌ಗೆ ಇಲ್ಲವೇ ಇಲ್ಲ.

ಇದ್ದರೂ ಆರಿಸಿಟ್ಟರೆ ಫಲ ಒಂದೇ. 2006ರ ಆಗಸ್ಟ್ 28ರಂದು ಅಮೆರಿಕದ ನೆವಾಡಾದಲ್ಲಿ, ಸುಮಾರು 16,000 ಅಡಿ ಎತ್ತರದಲ್ಲಿ, ಹಾಕರ್ ಜೆಟ್ ಒಂದು ಎಎಸ್‌ಜಿ-29 ಗ್ಲೈಡರಿಗೆ ಬಡಿಯಿತು. ಗ್ಲೈಡರಿನಲ್ಲಿ ಟ್ರಾನ್ಸ್‌ಪಾಂಡರ್ ಇತ್ತು. ಬ್ಯಾಟರಿ ಉಳಿಸಲೆಂದು ಅದನ್ನು ಆರಿಸಲಾಗಿತ್ತು. ಗ್ಲೈಡರಿನ ಪೈಲಟ್ ಪ್ಯಾರಾಚೂಟಿನಿಂದ ಇಳಿದ, ಜೆಟ್ ಚಕ್ರ ಬಿಡದೆ ನೆಲ ಮುಟ್ಟಿತು, ಎಲ್ಲರೂ ಬದುಕುಳಿದರು. ಆದ್ದರಿಂದ ಸಾಧನದ ಜೊತೆಗೆ ಬ್ಯಾಟರಿಯ ಲೆಕ್ಕವನ್ನೂ ಮೊದಲೇ ಹಾಕಬೇಕು: ಅತಿ ದೀರ್ಘ ಹಾರಾಟದ ಕೊನೆಯ ಗಂಟೆಯವರೆಗೂ ಟ್ರಾನ್ಸ್‌ಪಾಂಡರ್ ಕೆಲಸ ಮಾಡಬೇಕು, ಇಲ್ಲವಾದರೆ ಇನ್ನೊಂದು ಬ್ಯಾಟರಿ ಕೂಡಿಸಬೇಕು.

ಕರ್ನಾಟಕಕ್ಕೂ ಗ್ಲೈಡರಿಗೂ ನಂಟು ಹಳೆಯದು. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ 1940ರ ದಶಕದ ಆರಂಭದಲ್ಲೇ ಸೈನಿಕರನ್ನು ಸಾಗಿಸುವ ಜಿ-1 ಗ್ಲೈಡರ್ ರೂಪುಗೊಂಡಿತ್ತು. ಉತ್ತರ ಕರ್ನಾಟಕದವರಿಗೆ ಪಕ್ಕದ ರಾಜ್ಯದ ಗ್ಲೈಡಿಂಗ್ ನೆಲೆ ಎಂದರೆ ಪುಣೆಯ ಹಡಪ್ಸರ್ ಕೇಂದ್ರ. ಅದರ ಸಮೀಪದಲ್ಲೇ ಲೋಹೆಗಾಂವ್‌ನ ವಾಯುಪಡೆ ನೆಲೆಯೂ ನಾಗರಿಕ ವಿಮಾನಗಳೂ ಇವೆ. ಬೆಳಗಾವಿ, ಕಲಬುರಗಿ ವಿಮಾನ ನಿಲ್ದಾಣಗಳಲ್ಲಿ ಪೈಲಟ್ ತರಬೇತಿ ಸಂಸ್ಥೆಗಳು ನೆಲೆಯೂರಿವೆ. ಬೀದರ್‌ನಲ್ಲಿ ವಾಯುಪಡೆಯ ತರಬೇತಿ ಜೆಟ್‌ಗಳಿವೆ. ಇಂಥ ಆಕಾಶದಲ್ಲಿ ಎದುರಾಗುವುದು ಬಹುಪಾಲು ಎಂಜಿನ್ ಇರುವ ವಿಮಾನವೇ. ಹಣ ಒಂದಕ್ಕೇ ಸಾಕಾಗುವುದಾದರೆ ಇಲ್ಲಿ ಟ್ರಾನ್ಸ್‌ಪಾಂಡರ್ ಮೊದಲು, ಅದೂ ಎಡಿಎಸ್-ಬಿ ಬಿತ್ತರಿಸಬಲ್ಲ 'ಮೋಡ್ ಎಸ್' ಎಂಬ ಮಾದರಿ. ಗ್ಲೈಡರುಗಳು ಗುಂಪಾಗಿ ಹಾರುವ ಆಲ್ಪ್ಸ್‌ನಂಥ ಕಡೆ ಫ್ಲಾರ್ಮ್ ಮೊದಲು. ಕ್ಲಬ್ಬಿನ ಒಂದೇ ಗ್ಲೈಡರಿಗೆ ಫ್ಲಾರ್ಮ್ ಹಾಕಿ ಉಳಿದವನ್ನು ಬಿಡುವುದರಿಂದ ಪ್ರಯೋಜನ ಕಡಿಮೆ. ಹಾಕುವುದಾದರೆ ಎಳೆದೊಯ್ಯುವ ವಿಮಾನ ಸೇರಿ ಎಲ್ಲಕ್ಕೂ ಹಾಕಬೇಕು.

ಕೊಳ್ಳುವ ಮುನ್ನ ಭಾರತದಲ್ಲಿ ರೇಡಿಯೊ ಪರವಾನಗಿಯನ್ನೂ ವಿಚಾರಿಸಬೇಕು. ಯುರೋಪಿನ ಫ್ಲಾರ್ಮ್ 868 ಮೆಗಾಹರ್ಟ್ಸ್‌ಗಿಂತ ತುಸು ಮೇಲೆ ಬಿತ್ತರಿಸುತ್ತದೆ; ಇಲ್ಲಿ ಪರವಾನಗಿಯಿಂದ ವಿನಾಯಿತಿ ಇರುವ ಪಟ್ಟಿ 865ರಿಂದ 868ರವರೆಗಿನದು. ಜೋಡಣೆಯಲ್ಲಿ ಹೆಚ್ಚು ಗಮನ ಬೇಡುವುದು ಆಂಟೆನಾ. ಕಾರ್ಬನ್ ನಾರಿನ ಒಡಲು ರೇಡಿಯೊ ಅಲೆಗಳನ್ನು ತಡೆಯುವುದರಿಂದ ಸಲಕರಣೆ ಫಲಕದ ಮೇಲಿನ ಒಂದೇ ಆಂಟೆನಾಕ್ಕೆ ಕೆಳಗಿನ, ಹಿಂದಿನ ದಿಕ್ಕು ಕುರುಡಾಗಬಹುದು. ಅಂಥ ಗ್ಲೈಡರಿಗೆ ಎರಡನೆಯದು ಬೇಕು. ಫ್ಲಾರ್ಮ್ ತಂತ್ರಾಂಶಕ್ಕೆ ಅವಧಿಯಿದ್ದು, ಹಳತಾದದ್ದನ್ನು ಹಾರಾಟದ ಋತು ಶುರುವಾಗುವ ಮೊದಲೇ ಬದಲಿಸಬೇಕು.