ಹಮ್ಮಿಗಿಯ ಶಸ್ತ್ರಗಳೂ ಗುರಿಯಾಟದ ಪಿಸ್ತೂಲೂ

ಸಿಂಗಟಾಲೂರಿನಿಂದ ಹಮ್ಮಿಗಿ ದೂರದ ಊರಲ್ಲ. ಸಿಂಗಟಾಲೂರಿನ ಹೆಸರು ಹೊತ್ತ ಏತ ನೀರಾವರಿಯ ಬ್ಯಾರೇಜು ತುಂಗಭದ್ರೆಗೆ ಅಡ್ಡವಾಗಿ ನಿಂತಿರುವುದು ಹಮ್ಮಿಗಿಯ ಬಳಿಯೇ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ನೀರಿಗಿಂತ ಮೊದಲು ಮದ್ದುಗುಂಡಿನ ನೆನಪಾಗುತ್ತದೆ. 1857ರ ನಿಶ್ಶಸ್ತ್ರೀಕರಣ ಕಾನೂನು ಈ ಸೀಮೆಯವರ ಕೈಯಿಂದ ಆಯುಧವನ್ನು ಕಸಿಯಹೊರಟಿತು. ಹಲಗಲಿಯ ಬೇಡರು ಅದೇ ವರ್ಷ ಅದಕ್ಕೆ ಒಪ್ಪದೆ ಕಾದಿದರು; ಅವರಲ್ಲಿ 19 ಜನರನ್ನು ಇಂಗ್ಲಿಷರು ಗಲ್ಲಿಗೇರಿಸಿದರು. ಮರುವರ್ಷದ ಮೇ ತಿಂಗಳಲ್ಲಿ ಹಮ್ಮಿಗಿಯ ಕೆಂಚನಗೌಡರು ಕೂಡಿಟ್ಟ ಶಸ್ತ್ರಗಳು ಸರಕಾರದ ಕಣ್ಣಿಗೆ ಬಿದ್ದವು. ಮುಂಡರಗಿ ಭೀಮರಾಯರು ಹೊತ್ತಿಗೆ ಮೊದಲೇ ಬಂಡೇಳಬೇಕಾಯಿತು. ಡಂಬಳದ ಖಜಾನೆ ಲೂಟಿಯಾಯಿತು. ಜೂನ್ 1ರಂದು ಕೊಪ್ಪಳದ ಕೋಟೆಯಲ್ಲಿ ಅವರ ಕಥೆ ಮುಗಿಯಿತು.

ಇದನ್ನೆಲ್ಲ ನೆನೆಯಲು ಕಾರಣವಿದೆ. ಈ ಭಾಗದ ತರುಣರು ಈಗ ಬೇರೊಂದು ಪ್ರಶ್ನೆ ಕೇಳುತ್ತಾರೆ: ಗುರಿಯಾಟದ ಸ್ಪರ್ಧೆಗೆ ಮೊದಲ ಪಿಸ್ತೂಲು ಯಾವುದನ್ನು ಕೊಳ್ಳಬೇಕು? ಅದರ ಸೈಟು ಎಂಥದಿರಬೇಕು? ಅಂಗಡಿಯವನು ಇದಕ್ಕೆ ಬೆಲೆಪಟ್ಟಿಯಿಂದ ಉತ್ತರ ಕೊಡುತ್ತಾನೆ. ನನಗೆ ಕಾಣುವ ಉತ್ತರ ಇತಿಹಾಸದಿಂದ ಹೊರಡುತ್ತದೆ.

ಕಾಕತಾಳೀಯವೊಂದನ್ನು ನೋಡಿ. ಇಲ್ಲಿ ಶಸ್ತ್ರ ಕಸಿಯುವ ಕಾನೂನು ಬಂದ 1857ರಲ್ಲೇ ಅಮೆರಿಕದ ಸ್ಮಿತ್ ಮತ್ತು ವೆಸನ್ ಎಂಬ ಜೋಡಿ .22 ಅಳತೆಯ ತನ್ನ ಮೊದಲ ರಿವಾಲ್ವರನ್ನು ಮಾರುಕಟ್ಟೆಗೆ ತಂದಿತು. ತೋಟಾದ ತಳದ ಅಂಚಿನೊಳಗೇ ಸಿಡಿಮದ್ದನ್ನು ತುಂಬಿ, ಆ ಅಂಚಿಗೆ ಪೆಟ್ಟು ಕೊಟ್ಟು ಸಿಡಿಸುವ ಈ ಬಗೆಗೆ ರಿಮ್‌ಫೈರ್ ಎಂದು ಹೆಸರು. ಅದರ ಮೂಲ ಪ್ಯಾರಿಸ್ಸಿನ ಫ್ಲೋಬೇರ್ 1845ರ ಸುಮಾರಿಗೆ ಮನೆಯೊಳಗಿನ ಗುರಿಯಾಟಕ್ಕೆಂದು ಮಾಡಿದ ಪುಟ್ಟ ತೋಟಾದಲ್ಲಿದೆ. ಇಂದು ಜಗತ್ತೆಲ್ಲ ಬಳಸುವ .22 ಲಾಂಗ್ ರೈಫಲ್ ತೋಟಾ ಬಂದದ್ದು 1887ರಲ್ಲಿ. ಹೀಗೆ, ಅಲ್ಲಿ ಗುಂಡು ಆಟದ ವಸ್ತುವಾಗುತ್ತಿದ್ದ ಕಾಲದಲ್ಲಿ ಇಲ್ಲಿ ಅದು ರಾಜದ್ರೋಹದ ಸಾಕ್ಷಿಯಾಯಿತು. 1878ರ ಶಸ್ತ್ರ ಕಾನೂನು ಆ ಅನುಮಾನವನ್ನು ಗಟ್ಟಿಮಾಡಿತು. ಕೊಡವರಿಗೆ ದೊರೆತ ವಿನಾಯಿತಿ ನಮ್ಮ ಬಯಲುಸೀಮೆಗೆ ಬರಲಿಲ್ಲ. ಸ್ವಾತಂತ್ರ್ಯಾನಂತರ 1951ರಲ್ಲಿ ಮಾವಳಂಕರರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ರೈಫಲ್ ಸಂಘ ಹುಟ್ಟಿತು. 1959ರಲ್ಲಿ ಹೊಸ ಶಸ್ತ್ರ ಕಾನೂನು ಬಂದಿತು. ಆದರೂ ಪಿಸ್ತೂಲಿನ ಬಾಗಿಲಲ್ಲಿ ಲೈಸೆನ್ಸು ಇನ್ನೂ ಕಾವಲು ನಿಂತಿದೆ. ನಿಲ್ಲಬಾರದೆಂದು ನಾನು ಹೇಳಲಾರೆ.

ಆದುದರಿಂದ ಕೈಗೆ ಮೊದಲು ಬರಬೇಕಾದದ್ದು ರಿಮ್‌ಫೈರ್ ಅಲ್ಲ, ಗಾಳಿ ಪಿಸ್ತೂಲು. 2016ರ ಶಸ್ತ್ರ ನಿಯಮಗಳಂತೆ 4.5 ಮಿಲಿಮೀಟರಿನ, ಕಡಿಮೆ ಶಕ್ತಿಯ ಗಾಳಿ ಆಯುಧಕ್ಕೆ ಲೈಸೆನ್ಸು ಬೇಡ. ಹತ್ತು ಮೀಟರಿನ ಅದರ ಗುರಿಹಲಗೆಯಲ್ಲಿ ಹತ್ತರ ವೃತ್ತದ ವ್ಯಾಸ 11.5 ಮಿಲಿಮೀಟರು ಮಾತ್ರ. ಅಲ್ಲಿ ಪಳಗಿದ ಕೈಗೆ .22 ಪಿಸ್ತೂಲು ಅಪರಿಚಿತವೆನಿಸದು. ಆಮೇಲೆ ಕೊಳ್ಳುವಾಗಲೂ ಆತ್ಮರಕ್ಷಣೆಯ ರಿವಾಲ್ವರಿಗೆ ಮರುಳಾಗಬಾರದು; ಅದರ ಸೈಟು ಕದಲದು, ಸ್ಪರ್ಧೆಗೆ ಅದು ಒದಗದು. ಇಟಲಿಯ ಪಾರ್ದಿನಿಯೋ ಜರ್ಮನಿಯ ವಾಲ್ಟರೋ ಎಂಬ ಚರ್ಚೆಗಿಂತ, ಮರದ ಹಿಡಿ ಅಂಗೈಗೆ ಕೂಡುವುದೇ, 25 ಮೀಟರಿನ ಸ್ಪರ್ಧೆಯ ನಿಯಮದಂತೆ ಟ್ರಿಗರು ಒಂದು ಕಿಲೋಗ್ರಾಮಿನ ಭಾರ ತಡೆಯುವುದೇ, ಒಟ್ಟು ತೂಕ 1400 ಗ್ರಾಮಿನೊಳಗಿದೆಯೇ ಎಂಬುದನ್ನು ನೋಡಬೇಕು.

ಸೈಟಿನ ವಿಷಯವನ್ನು ತುಸು ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಅಂತರರಾಷ್ಟ್ರೀಯ ನಿಯಮದಂತೆ ಪಿಸ್ತೂಲಿಗೆ ಮಸೂರದ ಸೈಟು ಸಲ್ಲದು. ತೆರೆದ ಸೈಟೇ ಆಗಬೇಕು. ಹಿಂದಿನ ತಗಡಿನ ಚೌಕ ಕಚ್ಚಿನ ನಡುವೆ ಮುಂದಿನ ಕಡ್ಡಿ ನಿಲ್ಲಬೇಕು. ಎರಡು ಬದಿಗೂ ಬೆಳಕಿನ ಸಮನಾದ ಗೆರೆ ಉಳಿಯಬೇಕು. ಎರಡು ಸೈಟುಗಳ ನಡುವೆ 22 ಸೆಂಟಿಮೀಟರಿದೆ ಎಂದುಕೊಳ್ಳೋಣ. ಕಡ್ಡಿ ಕಚ್ಚಿನೊಳಗೆ ಒಂದು ಮಿಲಿಮೀಟರು ಓರೆಯಾದರೆ 25 ಮೀಟರಿನಲ್ಲಿ ಗುಂಡು 11 ಸೆಂಟಿಮೀಟರಿಗೂ ಹೆಚ್ಚು ಸರಿಯುತ್ತದೆ. ಅಲ್ಲಿಯ ಹತ್ತರ ವೃತ್ತದ ವ್ಯಾಸವೋ ಐದೇ ಸೆಂಟಿಮೀಟರು. ಆದರೆ ಸೈಟುಗಳ ಜೋಡಣೆ ಕೆಡದೆ ಇಡೀ ಕೈ ಒಂದು ಮಿಲಿಮೀಟರು ಅಲುಗಿದರೆ ಗುಂಡೂ ಅಷ್ಟೇ ಅಲುಗುತ್ತದೆ. ಹೀಗಾಗಿ ಕಣ್ಣು ನೆಡಬೇಕಾದದ್ದು ಮುಂದಿನ ಕಡ್ಡಿಯಲ್ಲಿ. ಗುರಿ ಮಸುಕಾಗಿ ಕಂಡರೆ ಚಿಂತೆಯಿಲ್ಲ. ಗುರಿಯನ್ನೇ ನೋಡಬೇಕೆಂದು ಕಥೆಗಳಲ್ಲಿ ಕಲಿತವರಿಗೆ ಇದು ವಿಚಿತ್ರವೆನಿಸೀತು! ತಿರುಪಿನಿಂದ ಮೇಲೆ ಕೆಳಗೆ, ಎಡ ಬಲಕ್ಕೆ ಸರಿಸಬಲ್ಲ ಹಿಂದಿನ ಸೈಟು ಇಲ್ಲದ ಪಿಸ್ತೂಲು ಎಷ್ಟೇ ಅಗ್ಗವಿದ್ದರೂ ಬೇಡ.

ಬೆಂಗಳೂರಿನ ಪ್ರಕಾಶ ನಂಜಪ್ಪನವರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 50 ಮೀಟರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. 2016ರಲ್ಲಿ ರಿಯೋ ಒಲಿಂಪಿಕ್ಸಿಗೂ ಹೋದರು. ಆ ಸ್ಪರ್ಧೆಯನ್ನು ಅನಂತರ ಒಲಿಂಪಿಕ್ಸಿನಿಂದ ಕೈಬಿಟ್ಟರು. ಆದ್ದರಿಂದ ಅದಕ್ಕೆಂದೇ ಮಾಡಿದ ಒಂಟಿ ಗುಂಡಿನ ಪಿಸ್ತೂಲು ಮೊದಲ ಖರೀದಿಗೆ ಜಾಣತನವಲ್ಲ. 25 ಮೀಟರಿನ, ಐದು ತೋಟಾಗಳ ಪಿಸ್ತೂಲೇ ಲೇಸು. ಅದಕ್ಕೂ ಮುನ್ನ ಕ್ಲಬ್ಬೊಂದರ ಸದಸ್ಯತ್ವ ಪಡೆದು, ಅಲ್ಲಿಯ ಪಿಸ್ತೂಲಿನಿಂದ ಕೆಲವು ತಿಂಗಳು ಹೊಡೆದು ನೋಡಬೇಕು. ಲೈಸೆನ್ಸಿನ ಅರ್ಜಿ ಆಮೇಲಿನ ಮಾತು.