ತಾನು ಕರಗಿ ಕ್ರ್ಯಾಂಕ್ ಉಳಿಸುವ ಬ್ಯಾಬಿಟ್

"ಬೇರಿಂಗ್ ಹೋಗಿದೆ ಸಾರ್" ಅಂತ ಮೆಕ್ಯಾನಿಕ್ ಹೇಳಿದ ಕೂಡಲೇ ಕೈ ಜೇಬು ಮುಟ್ಟಿಕೊಳ್ಳುತ್ತೆ. ನಾನೂ ಬಹಳ ದಿನ ಬೇರಿಂಗನ್ನೇ ಬೈದುಕೊಂಡವನು. ದುಬಾರಿ ಕ್ರ್ಯಾಂಕ್ ಶಾಫ್ಟ್ ಉಳಿಯಲಿ ಅಂತ ಮೊದಲು ತಾನು ಹಾಳಾಗುವ ಭಾಗ ಅದು ಅನ್ನೋದು ಗೊತ್ತಾಗಿದ್ದು ಹಳೇ ಕಾರುಗಳ ಚರಿತ್ರೆ ಓದುವಾಗ.

ಕಥೆ ಶುರುವಾಗೋದು ಮಾತ್ರ ಪಾತ್ರೆ ಪಗಡಿಯಿಂದ! ಅಮೆರಿಕದ ಮ್ಯಾಸಚೂಸೆಟ್ಸ್‌ನ ಟಾಂಟನ್ ಊರಿನ ಐಸಾಕ್ ಬ್ಯಾಬಿಟ್ (1799–1862) ಅಕ್ಕಸಾಲಿಗ. ತವರಕ್ಕೆ (ಕಲಾಯಿ ಹಾಕ್ತಾರಲ್ಲ, ಅದೇ) ಒಂದಿಷ್ಟು ಆಂಟಿಮನಿ, ತಾಮ್ರ ಬೆರೆಸಿ ಪಾತ್ರೆ ಮಾಡುತ್ತಿದ್ದ. 1839ರಲ್ಲಿ ಹೆಚ್ಚುಕಡಿಮೆ ಅದೇ ಮಿಶ್ರಣವನ್ನು ಬೇರಿಂಗಿನ ಒಳಪದರವಾಗಿ ಎರಕ ಹೊಯ್ಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಕಾರು ನೋಡುವ ಯೋಗ ಅವನಿಗಿರಲಿಲ್ಲ.

1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಆಯಿಲ್ ಪಂಪೇ ಇರಲಿಲ್ಲ. ತಿರುಗುವ ಭಾಗಗಳು ಎರಚಿದ ಎಣ್ಣೆಯೇ ಗತಿ. ಉದ್ದನೆಯ ಏರು ಹತ್ತುವಾಗ ಎಣ್ಣೆಯೆಲ್ಲ ಹಿಂದಕ್ಕೆ ಹರಿದು, ಮುಂದಿನ ಕನೆಕ್ಟಿಂಗ್ ರಾಡ್ ಒಣಗುತ್ತಿತ್ತು. ಆಗ ಕೆಲಸಕ್ಕೆ ಬರುತ್ತಿದ್ದದ್ದು ಬ್ಯಾಬಿಟ್. ಮೆತ್ತಗಿನ ಲೋಹವಾದ್ದರಿಂದ ಎಣ್ಣೆಯಲ್ಲಿ ಬಂದ ಮರಳು, ಲೋಹದ ಚೂರು ತನ್ನೊಳಗೆ ಹುದುಗಿಸಿಕೊಳ್ಳುತ್ತೆ, ಶಾಫ್ಟಿಗೆ ಗೀರು ಬೀಳೋದು ಕಡಿಮೆ. ಎಣ್ಣೆ ಪೂರ್ತಿ ತಪ್ಪಿದರೆ ಸುಮಾರು 240 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗತೊಡಗುತ್ತೆ, ಉಕ್ಕಿನ ಶಾಫ್ಟ್ ಇನ್ನೂ ಗಟ್ಟಿಯಾಗೇ ಇರುತ್ತೆ. ಎಂಜಿನ್ನೊಳಗಿಂದ ಟಕ ಟಕ ಸದ್ದು. ಅಲ್ಲೇ ಗಾಡಿ ನಿಲ್ಲಿಸಿದರೆ ಬಚಾವ್. ಕೇಳಿಯೂ ಓಡಿಸಿದರೆ ಬ್ಯಾಬಿಟ್ ತಾನೇ ಏನು ಮಾಡೀತು?

ಬೇರಿಂಗ್ ಸವೆದು ಸಡಿಲವಾದರೆ ರೈತರು ತಾವೇ ಕಾರಿನ ಕೆಳಗೆ ತೂರಿ, ರಾಡಿನ ಕ್ಯಾಪನ್ನು ಅರದಿಂದ ಉಜ್ಜಿ ಮತ್ತೆ ಬಿಗಿಯುತ್ತಿದ್ದರಂತೆ. ದಾರಿಯಲ್ಲಿ ಪೂರ್ತಿ ಕರಗಿಹೋದರೆ ಸೊಂಟದ ಬೆಲ್ಟಿನ ಚರ್ಮ ಕತ್ತರಿಸಿ ಆ ಜಾಗಕ್ಕೆ ತುರುಕಿ ಮನೆ ಮುಟ್ಟಿದ ಕಥೆಗಳೂ ಇವೆ. ನನಗೆ ಬಹಳ ಹಿಡಿಸಿದ್ದು ಇದೇ!

ಎಂಜಿನ್‌ಗಳ ಶಕ್ತಿ ಹೆಚ್ಚಿದಂತೆ ದಪ್ಪ ಬ್ಯಾಬಿಟ್ ಪದರ ಬಿರುಕು ಬಿಡತೊಡಗಿತು. 1930ರ ದಶಕದಿಂದ ಉಕ್ಕಿನ ತೆಳು ಶೆಲ್ ಮೇಲೆ ಮೆದು ಲೋಹ ಬಳಿದ ಬೇರಿಂಗ್‌ಗಳು ಹರಡಿದವು. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದರಾಯಿತು, ಎರಕದ ಕೆಲಸವಿಲ್ಲ. ಶೆವ್ರೊಲೆ ಮಾತ್ರ 1950ರ ದಶಕದ ಆರಂಭದವರೆಗೂ ಎರಕವನ್ನು ಬಿಡಲಿಲ್ಲ. ಈಗ ಮಾಡೆಲ್ ಟಿ ಎಂಜಿನ್ ಬಿಚ್ಚಿಕೊಂಡು ಕೂತವರು ಬ್ಯಾಬಿಟ್ ಹೊಯ್ಯಬಲ್ಲ ಕೈಯನ್ನು ಹುಡುಕಿಕೊಂಡು ಹೋಗಬೇಕು.