ಡಿಸ್ಕಿನ ಓದು-ಬರಹದ ಲೆಕ್ಕ: ಒಂದು ಆಕರ ವಿಮರ್ಶೆ

ಅಂಕಿ ಅಂಶಗಳನ್ನು ಕಂಡೊಡನೆ ಇತಿಹಾಸದ ವಿದ್ಯಾರ್ಥಿಯು ಕೇಳಬೇಕಾದ ಮೊದಲ ಪ್ರಶ್ನೆಯೆಂದರೆ, ಇವನ್ನು ಎಣಿಸಿದವರಾರು, ಹೇಗೆ ಎಣಿಸಿದರು ಎಂಬುದು. ಈ ಪ್ರಶ್ನೆ ಕಂದಾಯದ ಕಡತಗಳಿಗೆ ಮಾತ್ರವಲ್ಲ, ಯಂತ್ರವು ತನ್ನ ವಿಷಯದಲ್ಲಿ ತಾನೇ ಬರೆದಿಡುವ ದಾಖಲೆಗಳಿಗೂ ಸಲ್ಲತಕ್ಕದ್ದು. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮಿಗೆ ತಿರುಳಿನಂತಿರುವ ಕರ್ನೆಲ್, ಡಿಸ್ಕಿನಿಂದ ಓದಿದುದಕ್ಕೂ ಡಿಸ್ಕಿಗೆ ಬರೆದುದಕ್ಕೂ ಇಡುವ ಲೆಕ್ಕವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿಯಿಂದ 1983ರಲ್ಲಿ ಹೊರಬಂದ 4.2 ಬಿಎಸ್‌ಡಿ ಯುನಿಕ್ಸಿನಲ್ಲಿ ಕಾಲಗಣನೆಯ ಕ್ರಮ ಸರಳವಾಗಿದ್ದಿತು. ಗಡಿಯಾರದ ಪ್ರತಿಯೊಂದು ಮಿಡಿತದಲ್ಲಿಯೂ ಡಿಸ್ಕು ಕೆಲಸದಲ್ಲಿದ್ದರೆ ಕರ್ನೆಲ್ ಅದರ ಲೆಕ್ಕಕ್ಕೆ ಒಂದನ್ನು ಕೂಡಿಸುತ್ತಿದ್ದಿತು. ಎರಡು ಮಿಡಿತಗಳ ನಡುವೆಯೇ ಆರಂಭವಾಗಿ ಮುಗಿದ ಕೆಲಸವು ಈ ಗಣನೆಗೆ ಸಿಕ್ಕುತ್ತಿರಲಿಲ್ಲ.

2003ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 2.6, ‘ಡಿಸ್ಕ್‌ಸ್ಟಾಟ್ಸ್’ ಎಂಬ ಕಡತದಲ್ಲಿ ಪ್ರತಿ ಡಿಸ್ಕಿಗೂ 11 ಸಂಖ್ಯೆಗಳನ್ನು ಒದಗಿಸಿತು. ಮುಗಿದ ಓದುಗಳು, ಒಂದುಗೂಡಿಸಿದ ಓದುಗಳು, ಓದಿದ ಸೆಕ್ಟರುಗಳು, ತಗುಲಿದ ಕಾಲ ಎಂಬ ನಾಲ್ಕು. ಬರಹಕ್ಕೂ ಅಂಥವೇ ನಾಲ್ಕು. ನಡೆಯುತ್ತಿರುವ ಕೋರಿಕೆಗಳು, ಡಿಸ್ಕು ಕಾರ್ಯನಿರತವಾಗಿದ್ದ ಕಾಲ, ಕೋರಿಕೆಗಳ ತೂಕ ಸೇರಿದ ಕಾಲ ಎಂಬ ಮೂರು. 2018 ಮತ್ತು 2020ರ ಸೇರ್ಪಡೆಗಳಿಂದ ಇವು 17 ಆದುವು. ಡಿಸ್ಕು ಯಾವುದಾದರೂ ಇಲ್ಲಿ ಸೆಕ್ಟರೆಂದರೆ 512 ಬೈಟುಗಳು. ನಡೆಯುತ್ತಿರುವ ಕೋರಿಕೆಗಳ ಸಂಖ್ಯೆಯೊಂದನ್ನುಳಿದು ಮಿಕ್ಕವೆಲ್ಲ ಕೂಡುತ್ತಲೇ ಹೋಗುವ ಮೊತ್ತಗಳು. ಆದುದರಿಂದ ಸದ್ಯದ ವೇಗವನ್ನು ತಿಳಿಯಬೇಕಾದರೆ ಎರಡು ಸಲ ಓದಿ ವ್ಯತ್ಯಾಸವನ್ನು ತೆಗೆಯಬೇಕು.

ಎಣಿಕೆಗೂ ಬೆಲೆಯುಂಟು. ಹಲವು ಪ್ರೊಸೆಸರುಗಳು ಒಂದೇ ಲೆಕ್ಕಕ್ಕೆ ಬೀಗ ಹಾಕಿ ತೆಗೆಯುತ್ತಿದ್ದರೆ ಕೆಲಸವೇ ಕುಂಠಿತವಾದೀತು. ಅದಕ್ಕಾಗಿ ಪ್ರತಿ ಪ್ರೊಸೆಸರೂ ತನ್ನ ಲೆಕ್ಕವನ್ನು ತಾನೇ ಇಡುತ್ತದೆ. ಓದುವಾಗ ಎಲ್ಲವನ್ನೂ ಕೂಡಲಾಗುತ್ತದೆ. ಆದರೆ ಕಾರ್ಯನಿರತ ಕಾಲವನ್ನು ನಿಖರವಾಗಿ ಅಳೆಯಲು, ಬಾಕಿ ಕೋರಿಕೆಗಳೆಷ್ಟೆಂದು ಮತ್ತೆ ಮತ್ತೆ ಎಣಿಸಬೇಕು. ವೇಗದ ಡಿಸ್ಕುಗಳು ಬಂದ ಮೇಲೆ ಇದು ಭಾರವಾಯಿತು. 2019ರ ಲಿನಕ್ಸ್ 5.0 ಈ ನಿಖರತೆಯನ್ನು ಬಿಟ್ಟುಕೊಟ್ಟು, ಕೋರಿಕೆಯೊಂದು ಆರಂಭವಾದ ಅಥವಾ ಮುಗಿದ ಮಿಡಿತಗಳನ್ನು ಮಾತ್ರ ಎಣಿಸತೊಡಗಿತು. ಇದರಿಂದ ನಿಧಾನದ ಡಿಸ್ಕುಗಳಲ್ಲಿ ದೀರ್ಘ ಕೋರಿಕೆಗಳ ಕಾಲ ಕಡಿಮೆಯಾಗಿ ಕಂಡಿತು, 2020ರಲ್ಲಿ ತಿದ್ದುಪಡಿಯಾಯಿತು.

ಇಷ್ಟಾದರೂ ಆ ಸಂಖ್ಯೆಯ ಹೆಸರು ಬದಲಾಗಲಿಲ್ಲ. ಹತ್ತನೆಯ ಸ್ಥಾನವೂ ಬದಲಾಗಲಿಲ್ಲ. ಕರ್ನೆಲನ್ನು ಹೊಸದಾಗಿಸಿದವನು ಹಿಂದಿನ ವರ್ಷದ ಅಂಕಿಯೊಡನೆ ಹೋಲಿಸಿ, ಡಿಸ್ಕಿನ ಹೊರೆ ಇಳಿಯಿತೆಂದು ತೀರ್ಮಾನಿಸಬಹುದು. ವಾಸ್ತವವಾಗಿ ಬದಲಾದುದು ಎಣಿಸುವ ಬಗೆ. ಒಂದೇ ಹೆಸರಿನ ಕೊಳಗವು ಊರೂರಿಗೆ ಬೇರೆಯಾಗಿದ್ದುದನ್ನು ಬಲ್ಲ ನಮಗೆ ಇದು ಹೊಸದೇನಲ್ಲ. ಅಳತೆಯ ಚರಿತ್ರೆಯನ್ನು ತಿಳಿಯದೆ ಅಳೆದ ವಸ್ತುವಿನ ಚರಿತ್ರೆಯನ್ನು ಬರೆಯಲಾಗದು.